ಗಾಯಕರ ಬೆನ್ನಿಗೆ ಪೆಡಲ್ ಸ್ಟೀಲ್

(ಪೆಡಲ್ ಸ್ಟೀಲ್ ಗಿಟಾರ್, ಅಂದರೆ ಕಾಲುಗಳ ಮೇಲೆ ಅಡ್ಡ ಮಲಗಿಸಿ, ತಂತಿಗಳ ಮೇಲೆ ಲೋಹದ ತುಂಡು ಜಾರಿಸುತ್ತ, ಪೆಡಲು ಒತ್ತಿ ಸ್ವರ ಬದಲಿಸುತ್ತ ನುಡಿಸುವ ಗಿಟಾರನ್ನು ಕಲಿಯುತ್ತಿರುವವರ ಮುಂದೆ ವಾದ್ಯ ಸಹಿತ ಮಾಡಿದ ಉಪನ್ಯಾಸದ ಬರಹ ರೂಪ. ನುಡಿಸಿ ತೋರಿಸಿದ ಕಡೆಗಳಲ್ಲಿ ಏನು ನುಡಿಸಿದೆ ಎಂಬುದನ್ನು ಮಾತಿನಲ್ಲಿ ಹೇಳಲು ಯತ್ನಿಸಿದ್ದೇನೆ.)

ಈ ಮಾತುಕತೆಗೆ ಕರೆದವರು ಮೊದಲು ಕೇಳಿದ್ದು, 'ಸೋಲೋ ನುಡಿಸುವುದನ್ನು ತೋರಿಸುತ್ತೀರಲ್ಲವೇ?' ಎಂದು. ತೋರಿಸುವುದಿಲ್ಲ ಎಂದೆ. ಯಾಕೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಅಮೆರಿಕದ ಕಂಟ್ರಿ ಸಂಗೀತದ ಹಾಡೊಂದು ಸುಮಾರು ಮೂರು ನಿಮಿಷ ಇರುತ್ತದೆ. ಅದರಲ್ಲಿ ಸ್ಟೀಲಿಗೆ ಸಿಗುವ ಸೋಲೋ ಎಂಟು ಬಾರಿನದು (ನಾಲ್ಕು ಬೀಟಿಗೆ ಒಂದು ಬಾರು), ಅದೃಷ್ಟ ಚೆನ್ನಾಗಿದ್ದರೆ ಹದಿನಾರು ಬಾರಿನದು. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಎಂಟು ಬಾರು ಮುಗಿಯಲು ಬೇಕಾಗುವುದು 16 ಸೆಕೆಂಡು. ಉಳಿದ ಎರಡೂವರೆ ನಿಮಿಷಕ್ಕೂ ಮಿಕ್ಕಿದ ಹೊತ್ತಿನಲ್ಲಿ ನೀವು ಹಾಡುವವರ ಹಿಂದೆ ಇರುತ್ತೀರಿ. ಆ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಗೊತ್ತಿಲ್ಲದವರನ್ನು, ಅವರ ಸೋಲೋ ಎಷ್ಟೇ ಸೊಗಸಾಗಿರಲಿ, ಗಾಯಕರು ಎರಡನೆಯ ಸಲ ಕರೆಯುವುದಿಲ್ಲ. ಕರೆಯದಿರುವುದು ಸರಿಯೂ ಹೌದು.

ಪಕ್ಕವಾದ್ಯ ಎಂಬ ನಮ್ಮ ಪದ ನನಗೆ ಬಹಳ ಇಷ್ಟ. ಹಿಂದೆ ಅಲ್ಲ, ಕೆಳಗೆ ಅಲ್ಲ, ಪಕ್ಕದಲ್ಲಿ. ಆದರೆ ಪೆಡಲ್ ಸ್ಟೀಲ್ ನುಡಿಸುವವರಿಗೆ ಈ ಪಕ್ಕದಲ್ಲಿ ಕೂರುವ ಕೆಲಸ ಬೇರೆ ವಾದ್ಯಗಳವರಿಗಿಂತ ಕಷ್ಟ. ಆ ಕಷ್ಟದ ಬೇರು ವಾದ್ಯದ ಸ್ವಭಾವದಲ್ಲೇ ಇದೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿಯಲ್ಲಿ ಗಿಟಾರಿನ ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಪದ್ಧತಿ ಹುಟ್ಟಿತು. ಅದನ್ನು ರೂಪಿಸಿದವರೆಂದು ಜೋಸೆಫ್ ಕೆಕುಕು ಅವರ ಹೆಸರನ್ನು ಹೇಳುತ್ತಾರೆ. ಮುಂದೆ ಅದಕ್ಕೆ ಕಾಲುಗಳು ಬಂದವು, ವಿದ್ಯುತ್ ಬಂತು, ಪೆಡಲುಗಳು ಬಂದವು. ಆದರೆ ಆರಂಭದಲ್ಲಿ ಪೆಡಲು ಇದ್ದದ್ದು ಒಂದು ಕಾರ್ಡಿನಿಂದ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನಿಂದ) ಇನ್ನೊಂದಕ್ಕೆ ಶ್ರುತಿ ಬದಲಿಸಿಕೊಳ್ಳಲು ಮಾತ್ರ. 1954ರಲ್ಲಿ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಎಂಬ ಹಾಡು ಜನಪ್ರಿಯವಾಯಿತು. ಅದರಲ್ಲಿ ಬಡ್ ಐಸಾಕ್ಸ್ ಅವರು ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲನ್ನು ಒತ್ತಿದರು. ಕಾರ್ಡಿನ ಒಂದು ಸ್ವರ ಇದ್ದಲ್ಲೇ ನಿಂತಿರುತ್ತದೆ, ಪಕ್ಕದ ಸ್ವರ ಮೇಲಕ್ಕೆ ಏರುತ್ತದೆ. ಆ ಏರಿಕೆಯನ್ನು ಕೇಳಿದ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೂ ಪೆಡಲು ಹಾಕಿಸಿಕೊಳ್ಳಲು ಹೊರಟರು. ಪೆಡಲ್ ಸ್ಟೀಲ್ ಎಂದರೆ ಅಳುವ ವಾದ್ಯ, ಎಳೆಯುವ ವಾದ್ಯ ಎಂಬ ಭಾವನೆ ಬೇರೂರಿದ್ದು ಹೀಗೆ.

ಎಳೆತವೇ ಅದರ ಪ್ರಾಣ, ನಿಜ. ಗಾಯಕರ ಹಿಂದೆ ಕುಳಿತಾಗ ಅದೇ ತೊಡಕು. ಸಾಧಾರಣ ಗಿಟಾರಿನ ತಂತಿಯನ್ನು ಮೀಟಿದರೆ ಸದ್ದು ತಾನಾಗಿ ಇಳಿದು ಹೋಗುತ್ತದೆ, ನಿಲ್ಲಿಸುವ ಗೋಜಿಲ್ಲ. ಪೆಡಲ್ ಸ್ಟೀಲಿನಲ್ಲಿ ಬಲಗಾಲಿನ ಕೆಳಗೆ ವಾಲ್ಯೂಮ್ ಪೆಡಲು ಇರುತ್ತದೆ. ತಂತಿಯ ಸದ್ದು ಇಳಿಯುತ್ತಿದ್ದಂತೆ ಕಾಲನ್ನು ಮೆಲ್ಲಗೆ ಮುಂದೊತ್ತಿದರೆ ಕಿವಿಗೆ ಇಳಿಕೆಯೇ ತಿಳಿಯುವುದಿಲ್ಲ. ಉಸಿರು ಕಟ್ಟದ ಕಾರ್ವೆ! ಅದರ ಮೇಲೆ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಜಾರಿಕೊಂಡು ಸಾಗುತ್ತವೆ. ಮನುಷ್ಯರ ಕೊರಳು ಮಾಡುವುದೂ ಇದನ್ನೇ. ಅಂದರೆ ಗಾಯಕಿಯೊಬ್ಬಳು ಹಾಡುತ್ತಿರುವಾಗ ನೀವು ಎಳೆದು ನುಡಿಸಿದರೆ, ಕೇಳುವವರ ಕಿವಿಗೆ ಅದು ವಾದ್ಯ ಅಲ್ಲ, ಎರಡನೆಯ ದನಿ. ಇಬ್ಬರು ಒಮ್ಮೆಲೇ ಮಾತಾಡಿದರೆ ಯಾರ ಮಾತೂ ಕೇಳಿಸದು. ಪಿಯಾನೋಗೆ ಈ ಅಪಾಯ ಕಡಿಮೆ, ಡ್ರಮ್ಮಿಗೆ ಇಲ್ಲವೇ ಇಲ್ಲ. ಪಿಟೀಲಿಗೆ ಇದೆ, ಅದಕ್ಕೇ ಒಳ್ಳೆಯ ಪಿಟೀಲು ವಾದಕರಿಂದ ನಾವು ಕಲಿಯುವುದು ಬಹಳ.

ಇದು ನನಗೆ ತಿಳಿದದ್ದು ಒಂದು ಅಭ್ಯಾಸದ ಧ್ವನಿಮುದ್ರಣ ಕೇಳಿದಾಗ. ನಿಧಾನ ಗತಿಯ ಹಾಡು. ಪ್ರತಿ ಸಾಲಿನ ಕೊನೆಯ ಪದದ ಮೇಲೆ ಗಾಯಕಿ ದನಿಯನ್ನು ಇಳಿಸಿ, ಬಹುತೇಕ ಮಾತಾಡುವಂತೆ ಮುಗಿಸುತ್ತಿದ್ದರು. ಹಾಡಿನ ದುಃಖವೆಲ್ಲ ಆ ಕೊನೆಯ ಪದಗಳಲ್ಲೇ ಇತ್ತು. ನುಡಿಸುವಾಗ ನನಗೆ ಅದು ಕೇಳಿಸಿರಲಿಲ್ಲ, ಏಕೆಂದರೆ ಸಾಲು ಮುಗಿಯುತ್ತಿದೆ ಎಂದು ಅನಿಸಿದ ಕ್ಷಣವೇ ನಾನು ಕೆಳಗಿನಿಂದ ಜಾರುತ್ತ ಮೇಲೆ ಬರುತ್ತಿದ್ದೆ. ಮುದ್ರಣದಲ್ಲಿ ನಾಲ್ಕು ಸಾಲುಗಳಲ್ಲಿ ಮೂರರ ಕೊನೆಯ ಪದ ನನ್ನ ಜಾರಿಕೆಯ ಅಡಿ ಹೂತುಹೋಗಿತ್ತು. ಗಾಯಕಿ ನನಗಿಂತ ಹಿರಿಯರು. ಕೋಪಿಸಿಕೊಳ್ಳಲಿಲ್ಲ. 'ನಾನು ಉಸಿರು ತೆಗೆದುಕೊಳ್ಳುವುದು ನಿಮಗೆ ಕೇಳಿಸುತ್ತದೆಯೇ?' ಎಂದು ಕೇಳಿದರು. ಇಲ್ಲ ಎಂದೆ. 'ಅದು ಕೇಳಿಸಿದ ಮೇಲೆ ಶುರು ಮಾಡಿ' ಎಂದರು. ಆ ದಿನದಿಂದ ಇವತ್ತಿನವರೆಗೂ ನಾನು ಯಾರ ಹಿಂದೆ ನುಡಿಸಿದರೂ ಮೊದಲು ಹುಡುಕುವುದು ಅವರ ಉಸಿರಿನ ಸದ್ದನ್ನು. ವೇದಿಕೆಯ ಮೇಲೆ ನನ್ನ ಮಾನಿಟರಿನಲ್ಲಿ ನನ್ನ ವಾದ್ಯಕ್ಕಿಂತ ಅವರ ದನಿ ಹೆಚ್ಚು ಬೇಕು ಎಂದು ಕೇಳಿಕೊಳ್ಳುತ್ತೇನೆ.

ಹಾಗಾದರೆ ಸಾಲು ನಡೆಯುತ್ತಿರುವಾಗ ಏನು ಮಾಡುವುದು? ಕೈಕಟ್ಟಿ ಕೂರುವುದೇ? ಕೆಲವೊಮ್ಮೆ ಹೌದು. ಆದರೆ ಬಹಳಷ್ಟು ಹಾಡುಗಳಲ್ಲಿ ಸ್ಟೀಲು ಲಯಕ್ಕೆ ಹೆಗಲು ಕೊಡಬಲ್ಲದು, ಮತ್ತು ಈ ಕೆಲಸವನ್ನು ಕಲಿಸುವವರು ತೀರ ಕಡಿಮೆ. ಲಯಕ್ಕೆ ನುಡಿಸುವುದೆಂದರೆ ಸದ್ದನ್ನು ಹುಟ್ಟಿಸುವುದಕ್ಕಿಂತ ಸದ್ದನ್ನು ಕೊನೆಗಾಣಿಸುವುದು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದನ್ನು ಕೈಯಲ್ಲಿ ಹೇಗೆ ಮಾಡುವುದು ಎಂಬ ವಿವರ.

(ಇಲ್ಲಿ ವಾದ್ಯದ ಮುಂದೆ ಕುಳಿತು ಬಲಗೈಯನ್ನು ನಿಧಾನವಾಗಿ ತೋರಿಸಿದೆ.) ಹೆಬ್ಬೆರಳಿಗೆ ಒಂದು ಪಿಕ್, ತೋರುಬೆರಳಿಗೆ ಮತ್ತು ನಡುಬೆರಳಿಗೆ ಒಂದೊಂದು. ಐದನೆಯ, ಆರನೆಯ, ಎಂಟನೆಯ ತಂತಿಗಳನ್ನು ಒಟ್ಟಿಗೆ ಮೀಟುತ್ತೇನೆ. ಮೀಟಿದ ಮರುಗಳಿಗೆಯಲ್ಲೇ ಅಂಗೈಯ ಅಂಚು, ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗಿನ ಭಾಗ, ತಂತಿಗಳ ಮೇಲೆ ಬಂದು ಕೂರುತ್ತದೆ. ಬಡಿಯುವುದಿಲ್ಲ, ಕೂರುತ್ತದೆ. 'ಚಕ್' ಎಂಬ ಒಂದು ಸದ್ದು, ಆಮೇಲೆ ಮೌನ. ಈಗ ಅಂಗೈಯನ್ನು ಅರ್ಧ ಗಳಿಗೆ ತಡಮಾಡಿ ಕೂರಿಸುತ್ತೇನೆ. 'ಚಂಕ್'. ಇನ್ನೂ ತಡ ಮಾಡಿದರೆ 'ಚೈಂ'. ಮೂರಕ್ಕೂ ಮೀಟು ಒಂದೇ, ವ್ಯತ್ಯಾಸ ಇರುವುದು ಕೊನೆಯಲ್ಲಿ. ಹಾಡಿನ ಭಾವ ಬದಲಾದಂತೆ ಈ ಕೊನೆಯನ್ನು ಉದ್ದ ಗಿಡ್ಡ ಮಾಡುವುದು ನಿಮ್ಮ ಕೈಲಿದೆ. ಎಡಗೈಯನ್ನೂ ಗಮನಿಸಿ. ಬಾರು (ಇಲ್ಲಿಂದ ಮುಂದೆ ಬಾರು ಎಂದರೆ ತಂತಿಗಳ ಮೇಲೆ ಜಾರಿಸುವ ಲೋಹದ ತುಂಡು) ತಂತಿಯ ಮೇಲಿದೆ, ಅದರ ಹಿಂದೆ ಬಿಡಿ ಬೆರಳುಗಳು ತಂತಿಗೆ ತಾಗಿಕೊಂಡೇ ಇವೆ. ಅವು ಮೇಲೆದ್ದರೆ ಬಾರಿನ ಹಿಂದಿನ ತಂತಿಯ ಭಾಗವೂ ಗುಂಯ್‌ಗುಟ್ಟಿ ನಿಮ್ಮ 'ಚಕ್' ಮಸುಕಾಗುತ್ತದೆ.

ಇದನ್ನು ಎಲ್ಲಿ ಇಡಬೇಕು? ನಾಲ್ಕು ಎಣಿಕೆಯ ಹಾಡಿನಲ್ಲಿ ಬೇಸ್ ಒಂದು ಮತ್ತು ಮೂರರ ಮೇಲೆ ಬೀಳುತ್ತದೆ, ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮು ಎರಡು ಮತ್ತು ನಾಲ್ಕರ ಮೇಲೆ. ನಿಮ್ಮ ಜಾಗ ಸ್ನೇರಿನ ಜೊತೆ. ಸ್ನೇರಿಗಿಂತ ಕೂದಲೆಳೆಯಷ್ಟು ಮುಂದೆ ಬಿದ್ದರೂ ಹಾಡು ಓಡುತ್ತದೆ, ಗಾಯಕರಿಗೆ ಏದುಸಿರು ಬಂದಂತಾಗುತ್ತದೆ. ಕಿವಿಯನ್ನು ಡ್ರಮ್ಮಿಗೆ ಕೊಟ್ಟು, ಸ್ನೇರಿನ ಸದ್ದಿಗೆ ನಿಮ್ಮ ಕಾರ್ಡು ಬಣ್ಣ ಬಳಿದಂತೆ ಕೇಳಬೇಕು. ಸ್ಟೀಲು ನುಡಿಯಿತು ಎನ್ನುವುದಕ್ಕಿಂತ ಸ್ನೇರಿಗೆ ಸ್ವರ ಬಂತು ಎಂದು ಅನಿಸಿದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಹತ್ತನೆಯ ತಂತಿ ಬಹಳ ಜನರನ್ನು ಸೆಳೆಯುತ್ತದೆ, ದಪ್ಪಗೆ ನುಡಿಯುತ್ತದೆ ಎಂದು. ಲಯ ನುಡಿಸುವಾಗ ಅದನ್ನು ಬಿಟ್ಟುಬಿಡಿ. ಆ ನೆಲ ಬೇಸಿನದು.

ಈಗ ಇನ್ನೊಂದು ವಿಷಯ. ಇದು ಈ ವಾದ್ಯದ ಅಚ್ಚರಿಗಳಲ್ಲಿ ನನಗೆ ಅತಿ ಪ್ರಿಯವಾದದ್ದು. ಇ9 ಶ್ರುತಿಯಲ್ಲಿ (ಈ ವಾದ್ಯದ ಹತ್ತು ತಂತಿಗಳನ್ನು ಶ್ರುತಿ ಮಾಡುವ ಒಂದು ಕ್ರಮ) ಬಾರನ್ನು ಮೂರನೆಯ ಫ್ರೆಟ್ಟಿನ ಗೆರೆಯ ಮೇಲೆ ಇಡುತ್ತೇನೆ. ಪೆಡಲು ಒತ್ತದೆ ಮೀಟಿದರೆ ಜಿ ಮೇಜರ್. (ಪೆಡಲುಗಳಿಗೂ ಎ, ಬಿ, ಸಿ ಎಂದೇ ಹೆಸರು, ಅವು ಸ್ವರದ ಹೆಸರುಗಳಲ್ಲ.) ಎ ಮತ್ತು ಬಿ ಪೆಡಲುಗಳನ್ನು ಎಡಗಾಲಿನಿಂದ ಒಟ್ಟಿಗೆ ಒತ್ತಿದರೆ ಸಿ ಮೇಜರ್. ಪೆಡಲು ಎ ಒಂದನ್ನೇ ಒತ್ತಿದರೆ ನಾಲ್ಕು, ಐದು, ಆರನೆಯ ತಂತಿಗಳಲ್ಲಿ ಇ ಮೈನರ್. ಬಿ ಮತ್ತು ಸಿ ಪೆಡಲುಗಳನ್ನು ಒತ್ತಿದರೆ ಅದೇ ಮೂರು ತಂತಿಗಳಲ್ಲಿ ಎ ಮೈನರ್. ಇ ತಂತಿಗಳನ್ನು ಅರ್ಧ ಸ್ವರ ಇಳಿಸುವ ಮೊಣಕಾಲಿನ ಲಿವರನ್ನು ಸರಿಸಿ, ಜೊತೆಗೆ ಪೆಡಲು ಬಿ ಒತ್ತಿದರೆ ನಾಲ್ಕರಿಂದ ಏಳನೆಯವರೆಗಿನ ತಂತಿಗಳಲ್ಲಿ ಡಿ7. ಬಾರು ಕದಲಿಲ್ಲ. ಜಿ ಆಧಾರಸ್ವರದ ಹಾಡೊಂದಕ್ಕೆ ಬೇಕಾದ ಕಾರ್ಡುಗಳೆಲ್ಲ ಒಂದೇ ಫ್ರೆಟ್ಟಿನಲ್ಲಿ ಸಿಕ್ಕವು. (ಅಮೆರಿಕದ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನವರು ಇದನ್ನು ಅಂಕಿಗಳಲ್ಲಿ ಹೇಳುತ್ತಾರೆ: ಒಂದು, ನಾಲ್ಕು, ಆರು ಮೈನರ್, ಎರಡು ಮೈನರ್, ಐದು. ಗಾಯಕರು 'ಇವತ್ತು ಗಂಟಲು ಸರಿಯಿಲ್ಲ, ಎಫ್‌ಗೆ ಇಳಿಸೋಣ' ಎಂದರೆ ಬಾರನ್ನು ಒಂದನೆಯ ಫ್ರೆಟ್ಟಿಗೆ ತಂದರೆ ಮುಗಿಯಿತು, ಅಂಕಿಗಳು ಬದಲಾಗುವುದಿಲ್ಲ.)

ಇದರಿಂದ ಲಯಕ್ಕೆ ಏನು ಲಾಭ ಎಂದು ಕೇಳಿ. ಬಾರು ಚಲಿಸದಿದ್ದರೆ ಜಾರಿಕೆಯ ಸದ್ದೇ ಇಲ್ಲ. ಎರಡನೆಯ ದನಿ ಹುಟ್ಟುವುದಿಲ್ಲ. ಅಂಗೈ ತಂತಿಗಳ ಮೇಲೆ ಕೂತಿರುವ ಮೌನದ ಹೊತ್ತಿನಲ್ಲೇ ಪೆಡಲು ಒತ್ತಿ ಮುಂದಿನ ಕಾರ್ಡಿಗೆ ಸಿದ್ಧವಾಗಿ, ಎರಡನೆಯ ಬೀಟಿಗೆ ಸ್ವಚ್ಛವಾಗಿ ಮೀಟಬಹುದು. ಪೆಡಲಿನ ಏರಿಕೆ ಕೇಳಿಸಲೇಬಾರದು. ಸೋಲೋದಲ್ಲಿ ಯಾವ ಏರಿಕೆಗಾಗಿ ಜನ ಕಾಯುತ್ತಾರೋ ಅದೇ ಏರಿಕೆಯನ್ನು ಇಲ್ಲಿ ನಾವು ಮೌನದೊಳಗೆ ಬಚ್ಚಿಡುತ್ತೇವೆ. ಇದಕ್ಕೆ ವಾರಗಟ್ಟಲೆ ಅಭ್ಯಾಸ ಬೇಕು. ಕಾಲು ಅಂಗೈಗಿಂತ ಒಂದು ಕ್ಷಣ ಮುಂಚೆ ಹೊರಟರೆ ಹಿಂದಿನ ಕಾರ್ಡಿನ ಬಾಲ ಸೊಟ್ಟಗಾಗುತ್ತದೆ, ಒಂದು ಕ್ಷಣ ತಡವಾದರೆ ಹೊಸ ಕಾರ್ಡಿನ ತಲೆ ಸೊಟ್ಟಗಾಗುತ್ತದೆ.

ಯಾರನ್ನು ಕೇಳಬೇಕು ಎಂದರೆ ಮೊದಲು ರಾಲ್ಫ್ ಮೂನಿ ಅವರನ್ನು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಕಡೆಯ ಸಂಗೀತಕ್ಕೆ ಸ್ಟೀಲಿನ ಚಹರೆ ಕೊಟ್ಟವರು ಅವರು. ವಿನ್ ಸ್ಟೀವರ್ಟ್, ಮೆರ್ಲ್ ಹ್ಯಾಗರ್ಡ್, ಆಮೇಲೆ ದೀರ್ಘಕಾಲ ವೇಲನ್ ಜೆನ್ನಿಂಗ್ಸ್, ಇವರೆಲ್ಲರ ಹಿಂದೆ ನುಡಿಸಿದರು. ಅವರ ಸ್ಟೀಲು ಅಳುವುದಕ್ಕಿಂತ ಕುಣಿಯುವುದು ಹೆಚ್ಚು. ಪುಟಿಯುವ, ತುಂಡು ತುಂಡಾದ ಸ್ವರಗಳು. 1956ರಲ್ಲಿ ರೇ ಪ್ರೈಸ್ ಅವರು ಹಾಡಿ ಹೆಸರಾದ 'ಕ್ರೇಜಿ ಆರ್ಮ್ಸ್' ಹಾಡನ್ನು ಚಕ್ ಸೀಲ್ಸ್ ಅವರೊಡನೆ ಬರೆದವರೂ ಮೂನಿಯವರೇ. ಬೇಸ್ ನಾಲ್ಕೂ ಬೀಟಿಗೆ ನಡೆಯುವ ಆ ಹಾಡಿನ ಶಫಲ್ ನಡಿಗೆ ರೇ ಪ್ರೈಸ್ ಅವರ ಗುರುತಾಯಿತು. ಸ್ಟೀಲ್ ವಾದಕರೊಬ್ಬರು ಬರೆದ ಹಾಡಿನ ಮೇಲೆ ಆ ನಡಿಗೆ ನಿಂತಿತು ಎಂಬುದು ನನಗೆ ಯಾವತ್ತೂ ಹೆಮ್ಮೆಯ ಸಂಗತಿ. ಹಾಡುವವರ ಹಿಂದೆ ಲಯ ನುಡಿಸುವುದನ್ನು ಕಲಿಯಲು ಶಫಲ್‌ಗಿಂತ ಒಳ್ಳೆಯ ಗರಡಿಮನೆ ಇಲ್ಲ. ಎರಡು ಬೀಟುಗಳ ನಡುವಿನ ಜಾಗ ಅಲ್ಲಿ ಸಮಭಾಗವಾಗಿಲ್ಲ, ಮೊದಲ ಪಾಲು ಉದ್ದ, ಎರಡನೆಯದು ಗಿಡ್ಡ. ನಿಮ್ಮ 'ಚಂಕ್' ಆ ಗಿಡ್ಡ ಪಾಲಿಗೆ ಮುಂಚೆಯೇ ಮುಗಿದಿರಬೇಕು. ಇಲ್ಲವಾದರೆ ನಡಿಗೆ ಕುಂಟುತ್ತದೆ.

ಆಮೇಲೆ ಲಾಯ್ಡ್ ಗ್ರೀನ್ ಅವರು. 1960 ಮತ್ತು 70ರ ದಶಕಗಳ ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ ಬಹಳ ಬೇಡಿಕೆಯಲ್ಲಿದ್ದವರು. 1968ರಲ್ಲಿ ಬರ್ಡ್ಸ್ ಎಂಬ ರಾಕ್ ತಂಡದ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ' ಆಲ್ಬಮ್ಮಿನಲ್ಲೂ ನುಡಿಸಿದ್ದಾರೆ. ಅವರಲ್ಲಿ ನಾನು ಮೆಚ್ಚುವುದು ಸ್ವರಗಳನ್ನು ಬಿಡುವ ರೀತಿ. ಪ್ರತಿ ಸ್ವರಕ್ಕೂ ಅಂಚು ಇದೆ, ಕತ್ತರಿಸಿ ಇಟ್ಟಂತೆ. ಅವರ ಮುದ್ರಣಗಳನ್ನು ಕೇಳುವಾಗ ಒಂದು ಕೆಲಸ ಮಾಡಿ: ಸ್ಟೀಲು ನುಡಿದದ್ದನ್ನು ಬಿಟ್ಟು, ಸ್ಟೀಲು ಸುಮ್ಮನಿದ್ದ ಜಾಗಗಳನ್ನು ಕಾಗದದ ಮೇಲೆ ಗುರುತು ಹಾಕುತ್ತ ಹೋಗಿ. ಒಂದೇ ಹಾಡಿಗೆ ಹಾಗೆ ಮಾಡಿದರೂ ಸಾಕು, ಕಿವಿ ಬೇರೆಯಾಗುತ್ತದೆ.

ನಿಧಾನದ ಹಾಡುಗಳಿಗೆ 'ಚಕ್' ಒಗ್ಗುವುದಿಲ್ಲ. ಅಲ್ಲಿ ಎರಡು ಸ್ವರಗಳ ಹಾಸು ಬೇಕಾಗುತ್ತದೆ. ವಾಲ್ಯೂಮ್ ಪೆಡಲನ್ನು ಬಹುಮಟ್ಟಿಗೆ ಮುಚ್ಚಿ, ಮೀಟಿ, ಮೀಟಿದ ಪೆಟ್ಟು ಕೇಳಿಸದಂತೆ ಆಮೇಲೆ ಕಾಲನ್ನು ತೆರೆಯುವುದು. ಸ್ವರ ಎಲ್ಲಿಂದ ಬಂತು ಎಂದೇ ತಿಳಿಯಬಾರದು. ಗಾಯಕರ ದನಿ ಇರುವ ಎತ್ತರದಲ್ಲಿ ಈ ಹಾಸನ್ನು ಹಾಕಬೇಡಿ. ದನಿ ತಗ್ಗಿನಲ್ಲಿದ್ದರೆ ನೀವು ಮೇಲೆ, ದನಿ ಏರಿದರೆ ನೀವು ಕೆಳಗೆ. ಅವರು ಹಾಡುತ್ತಿರುವ ರಾಗವನ್ನೇ ನೀವೂ ನುಡಿಸುವುದಂತೂ ಬೇಡವೇ ಬೇಡ. ಅವರು ಒಂದು ಪದವನ್ನು ತುಸು ತಡಮಾಡಿ ಹಾಡಬೇಕೆಂದು ಅಂದುಕೊಂಡರೆ ನಿಮ್ಮಿಂದ ಅದು ಆಗದೆ ಹೋಗುತ್ತದೆ.

ಇಲ್ಲಿ ಶ್ರುತಿಯ ಮಾತು ಬರುತ್ತದೆ. ಪಿಯಾನೋದ ಮೇಜರ್ ಮೂರನೆಯ ಸ್ವರ ಆಧಾರಸ್ವರದಿಂದ 400 ಸೆಂಟು ದೂರ (ಪಿಯಾನೋದ ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟು). ಕಿವಿಗೆ ಹಿತವಾಗಿ ಕೂರುವ ಸ್ವಾಭಾವಿಕ ಮೂರನೆಯ ಸ್ವರ ಸುಮಾರು 386. ಹದಿನಾಲ್ಕು ಸೆಂಟಿನ ಅಂತರ. ಸ್ಟೀಲ್ ವಾದಕರಲ್ಲಿ ಅನೇಕರು ತಮ್ಮ ಮೂರನೆಯ ಸ್ವರಗಳನ್ನು ತಗ್ಗಿಸಿಯೇ ಶ್ರುತಿ ಮಾಡಿಕೊಳ್ಳುತ್ತಾರೆ, ಒಬ್ಬರೇ ನುಡಿಸಿದರೆ ಜೇನಿನಂತೆ ಇರುತ್ತದೆ. ಪಿಯಾನೋ ಜೊತೆ ಅದೇ ಕಾರ್ಡನ್ನು ಉದ್ದಕ್ಕೆ ಹಿಡಿದರೆ ಎರಡೂ ಒಂದಕ್ಕೊಂದು ಉಜ್ಜಿ ಅಲೆ ಏಳುತ್ತದೆ. ನಡುವೆ ಸಿಕ್ಕಿಕೊಳ್ಳುವವರು ಗಾಯಕರು, ಯಾವ ಸ್ವರವನ್ನು ಹಿಡಿಯಬೇಕು ಎಂದು ತಿಳಿಯದೆ ಅವರ ದನಿ ಅಲ್ಲಾಡುತ್ತದೆ. ಜನ ಅವರನ್ನು ದೂರುತ್ತಾರೆ, ತಪ್ಪು ನಮ್ಮದು. ಆದ್ದರಿಂದ ಪಿಯಾನೋ ಇರುವಾಗ ನಾನು ಹಾಸಿನಲ್ಲಿ ಮೂರನೆಯ ಸ್ವರವನ್ನೇ ಬಿಡುತ್ತೇನೆ. ಪೆಡಲು ಒತ್ತದಿರುವಾಗ ಅದು ಆರನೆಯ ತಂತಿಯಲ್ಲಿದೆ. ಐದು ಮತ್ತು ಎಂಟನೆಯ ತಂತಿಗಳನ್ನು ಮಾತ್ರ ಮೀಟಿದರೆ ಆಧಾರ ಮತ್ತು ಐದನೆಯ ಸ್ವರ ಸಿಗುತ್ತವೆ. ಬರಿದಾಗಿ ಕೇಳಿಸುತ್ತದೆ ಎಂದು ಹೆದರಬೇಡಿ. ಮೂರನೆಯ ಸ್ವರವನ್ನು ಹಾಡುವವರೇ ತುಂಬುತ್ತಾರೆ. ಲಯದ 'ಚಕ್'ಗೆ ಈ ತೊಂದರೆ ಇಲ್ಲ, ಅಲೆ ಏಳುವಷ್ಟು ಹೊತ್ತು ಸದ್ದು ಬದುಕಿರುವುದೇ ಇಲ್ಲ.

ಸಾಲುಗಳ ನಡುವಿನ ತುಣುಕುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಕಲಿಸುತ್ತಾರೆ. ಮೊದಲ ಚರಣ ಪಿಟೀಲಿನದಾದರೆ ಎರಡನೆಯದು ನಿಮ್ಮದು ಎಂದು ಹಾಡು ಆರಂಭವಾಗುವ ಮೊದಲೇ ಹಂಚಿಕೊಳ್ಳಿ. ನಿಮ್ಮ ಚರಣದಲ್ಲೂ ಪ್ರತಿ ಸಂದಿಯನ್ನೂ ತುಂಬಬೇಕೆಂದಿಲ್ಲ. ತುಣುಕು ಗಾಯಕರ ಮುಂದಿನ ಪದಕ್ಕೆ ಮುಂಚೆ ಮುಗಿದು, ಒಂದು ಬೀಟು ಖಾಲಿ ಉಳಿಯಬೇಕು. ಆ ಖಾಲಿ ಬೀಟಿನಲ್ಲಿ ಅವರು ಬಾಯಿ ತೆರೆಯುತ್ತಾರೆ.

ಇನ್ನು ಅಕೌಸ್ಟಿಕ್ ಗಿಟಾರು ಎರಡು ಮತ್ತು ನಾಲ್ಕನೆಯ ಬೀಟಿಗೆ ಬೀಸುತ್ತಿದೆ, ಎಲೆಕ್ಟ್ರಿಕ್ ಗಿಟಾರೂ ಅದನ್ನೇ ಕತ್ತರಿಸಿ ನುಡಿಸುತ್ತಿದೆ, ಸ್ನೇರ್ ಇದ್ದೇ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ನಿಮ್ಮ 'ಚಕ್' ನಾಲ್ಕನೆಯದಾಗುತ್ತದೆ. ಬೇಡ. ಅಂಗೈಯನ್ನು ತಂತಿಗಳ ಮೇಲಿಟ್ಟು ಪಲ್ಲವಿಯವರೆಗೆ ಕಾಯಿರಿ. ಹೀಗೆ ಕಾಯ್ದು ಪಲ್ಲವಿಯಲ್ಲಿ ಒಳಗೆ ಬಂದರೆ, ನೀವು ಏನನ್ನೂ ಜೋರಾಗಿ ನುಡಿಸದಿದ್ದರೂ ಹಾಡು ಅಗಲವಾದಂತೆ ಕೇಳುವವರಿಗೆ ಅನಿಸುತ್ತದೆ.

ಮನೆಯಲ್ಲಿ ಮಾಡುವ ಅಭ್ಯಾಸ: ಯಾರಾದರೂ ಗಿಟಾರು ಹಿಡಿದು ಹಾಡಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಮೊದಲ ವಾರ ಬಲಗಾಲನ್ನು ವಾಲ್ಯೂಮ್ ಪೆಡಲಿನ ಮೇಲೆ ಒಂದೇ ಮಟ್ಟದಲ್ಲಿ ಇಟ್ಟು ಅಲ್ಲಾಡಿಸದೆ ನುಡಿಸಿ. ಹೊಸಬರು ಈ ಪೆಡಲನ್ನು ಹೊಲಿಗೆಯಂತ್ರದಂತೆ ತುಳಿಯುತ್ತಾರೆ, ಪ್ರತಿ ಮೀಟಿಗೂ ಒಂದು ಸಲ. ಅದರಿಂದ ಲಯದ ಅಂಚು ಹೋಗಿ ಎಲ್ಲವೂ ಉಬ್ಬಿ ಉಬ್ಬಿ ಇಳಿಯುತ್ತದೆ. ಕಾಲನ್ನು ಕಟ್ಟಿಹಾಕಿದರೆ ಸದ್ದನ್ನು ನಿಲ್ಲಿಸುವ ಹೊಣೆ ಪೂರ್ತಿ ಅಂಗೈಗೆ ಬರುತ್ತದೆ, ಅದು ಬೇಗ ಕಲಿಯುತ್ತದೆ. ಮುದ್ರಿಸಿಕೊಂಡು ಕೇಳಿ. ಹಾಡಿನ ಪ್ರತಿ ಪದವೂ ಸ್ಪಷ್ಟವಾಗಿದೆಯೇ ಎಂದು ಮಾತ್ರ ನೋಡಿ, ನಿಮ್ಮ ನುಡಿಸಾಣಿಕೆ ಚೆನ್ನಾಗಿದೆಯೇ ಎಂದಲ್ಲ.

ಕೊನೆಯಲ್ಲಿ ಸಭೆಯಿಂದ ಒಬ್ಬ ಯುವತಿ ಕೇಳಿದರು: 'ಸರ್, ಡ್ರಮ್ಮೂ ಇಲ್ಲ, ಬೇಸೂ ಇಲ್ಲ. ಹಾಡುವವರು ಮತ್ತು ನಾನು, ಇಬ್ಬರೇ. ಆಗ?' ಒಳ್ಳೆಯ ಪ್ರಶ್ನೆ. ಆಗ ಮೇಲೆ ಹೇಳಿದ ಕೆಲವನ್ನು ಸಡಿಲಿಸಬೇಕು. ಹತ್ತನೆಯ ತಂತಿಗೆ ಆಗ ಕೆಲಸ ಇದೆ. ಒಂದು ಮತ್ತು ಮೂರಕ್ಕೆ ಹೆಬ್ಬೆರಳಿನಿಂದ ಕೆಳಗಿನ ತಂತಿ, ಎರಡು ಮತ್ತು ನಾಲ್ಕಕ್ಕೆ ಮೇಲಿನ ಎರಡು ತಂತಿಗಳ 'ಚಕ್'. ಅವರನ್ನೇ ಕರೆದು ಒಂದು ಹಾಡು ಹಾಡಲು ಕೇಳಿಕೊಂಡೆ, ಅವರು ಒಪ್ಪಿದರು. ಮೊದಲ ಚರಣವನ್ನು ಹೀಗೆಯೇ ಹೆಬ್ಬೆರಳು, 'ಚಕ್', ಹೆಬ್ಬೆರಳು, 'ಚಕ್' ಎಂದು ನುಡಿಸಿದೆ. ಎರಡನೆಯ ಚರಣದಲ್ಲಿ ಅವರ ದನಿ ಬಿಚ್ಚಿಕೊಂಡಿತು, ಲಯ ಅವರ ಹಾಡಿನಲ್ಲೇ ನಡೆಯತೊಡಗಿತು. ನಾನು ಹೆಬ್ಬೆರಳನ್ನು ಬಿಟ್ಟೆ, ಎರಡು ಸಾಲಾದ ಮೇಲೆ 'ಚಕ್' ಕೂಡ ಬಿಟ್ಟೆ. ಕೊನೆಯ ಸಾಲಿನ ಹೊತ್ತಿಗೆ ಅಂಗೈ ತಂತಿಗಳ ಮೇಲಿತ್ತು. ಅವರು ಉಸಿರು ತೆಗೆದುಕೊಂಡದ್ದು ಸಭೆಯ ಹಿಂದಿನ ಸಾಲಿಗೂ ಕೇಳಿಸಿತು. ಆಮೇಲೆ ಪಲ್ಲವಿಗೆ ಇಬ್ಬರೂ ಒಟ್ಟಿಗೆ ಹೊರಟೆವು.